ಹಿಮಕರಡಿಯ ಪಾಠ ಮತ್ತು ಪ್ರಮಾದಚರ್ಯೆ

ಚನ್ನಗಿರಿಯ ಶಾಲಾಬಾಲಕನಿಗೆ ಉತ್ತರಧ್ರುವದ ಹಿಮಕರಡಿಯ ವಿಷಯದಲ್ಲಿ ಕರ್ತವ್ಯವೇನಾದರೂ ಇದೆಯೇ? ಅವನು ಆ ಪ್ರಾಣಿಯನ್ನು ಕಂಡವನಲ್ಲ. ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ನಿರ್ದೇಶಿಸಿತು. ಹವಾಮಾನ ಬದಲಾವಣೆಯ ಪಾಠ ಬಂದಾಗ ಕರಗುವ ಮಂಜಿನ ಮೇಲೆ ನಿಂತ ಈ ಬಿಳಿಯ ಪ್ರಾಣಿಯ ಚಿತ್ರವೂ ಬರುತ್ತದೆ. ಇದನ್ನು ಧರ್ಮದ ಪ್ರಶ್ನೆಯೆಂದೂ ಪರಿಶೀಲಿಸುವುದು ಶ್ರಾವಕರಿಗೆ ಉಚಿತವಾಗಿದೆ.

ಹಿಮಕರಡಿಯು ಹೆಪ್ಪುಗಟ್ಟಿದ ಸಮುದ್ರದ ಮೇಲೆ ಸೀಲ್ ಪ್ರಾಣಿಗಳನ್ನು ಹಿಡಿದು ಬದುಕುತ್ತದೆ. ಮಂಜು ಬೇಗ ಕರಗಿದಷ್ಟೂ ಅದು ದಡದಲ್ಲಿ ಹಸಿದಿರುವ ಕಾಲ ದೀರ್ಘವಾಗುತ್ತದೆ. ಕಲ್ಲಿದ್ದಲು, ಪೆಟ್ರೋಲುಗಳ ದಹನ ಮೊದಲಾದ ಕಾರಣಗಳಿಂದ ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ಮೀರಿದೆ. ಮಾಂಸಾಹಾರಿ ಮೃಗಕ್ಕೆ ಮರುಗುವುದೇಕೆಂದು ಕೆಲವರು ಕೇಳಬಹುದು. ಭಗವಾನ್ ಮಹಾವೀರರ ಜೀವವೂ ಪೂರ್ವಭವವೊಂದರಲ್ಲಿ ಸಿಂಹವಾಗಿತ್ತೆಂಬುದನ್ನು ಅವರು ಸ್ಮರಿಸಬೇಕು. ಕರುಣೆಯು ಆಹಾರವನ್ನು ವಿಚಾರಿಸಿ ಹುಟ್ಟುವುದಲ್ಲ.

ಕೊಲ್ಲುವ ಸಂಕಲ್ಪವಿಲ್ಲದವನಿಗೆ ದೋಷವೆಲ್ಲಿಯದು ಎಂಬುದು ಎರಡನೆಯ ಆಕ್ಷೇಪ. ಆಚಾರ್ಯ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಸಂಕಲ್ಪವೊಂದನ್ನೇ ಹೇಳದೆ ಪ್ರಮಾದವನ್ನು ಹೇಳಿದರು. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸಿದರು. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಾಳಿಯನ್ನು ಕಲಕುವುದು, ಸಸ್ಯಗಳನ್ನು ಕಡಿಯುವುದು ಅದರಲ್ಲಿ ಸೇರುತ್ತವೆ. ತಿಳಿಯದೆ ಉರಿಸಿದ ಕಾಲದ ಮಾತು ಬೇರೆ. ಪರಿಣಾಮ ತಿಳಿದ ಮೇಲೂ ಅಗತ್ಯವಿಲ್ಲದೆ ಉರಿಸುವುದು ಪ್ರಮಾದವೇ ಸರಿ. ಕೋಟಿ ಜನರಲ್ಲಿ ಹಂಚಿಹೋದ ಮಾತ್ರಕ್ಕೆ ಅದು ಯಾರದೂ ಅಲ್ಲವೆನ್ನಲಾಗದು.

ಕಾಣದ ಜೀವಿಯೊಡನೆ ಸಂಬಂಧವುಂಟೆಂಬುದನ್ನು ಚನ್ನಗಿರಿಯ ಮಕ್ಕಳಿಗೆ ತೋರಿಸಲು ದೂರ ಹೋಗಬೇಕಾಗಿಲ್ಲ. ಶಾಂತಿಸಾಗರವೆನಿಸಿದ ಸೂಳೆಕೆರೆಯನ್ನು ಶತಮಾನಗಳ ಹಿಂದೆ ಕಟ್ಟಿದವರು ಇಂದು ಅದರ ನೀರನ್ನು ಬಳಸುವವರನ್ನು ಕಂಡವರಲ್ಲ. ಕಾಣದವರಿಗೆ ಉಪಕಾರ ತಲುಪುವುದಾದರೆ ಅಪಕಾರವೂ ತಲುಪೀತು. ಜಗಳೂರಿನ ರಂಗಯ್ಯನದುರ್ಗದ ಅರಣ್ಯವು 2011ರಲ್ಲಿ ವನ್ಯಜೀವಿಧಾಮವಾದುದು ನಾಲ್ಕು ಕೊಂಬಿನ ಕೊಂಡುಕುರಿಯ ರಕ್ಷಣೆಗಾಗಿ. ಪಾಠವು ಈ ನಾಚಿಕೆಯ ಪ್ರಾಣಿಯಿಂದ ಆರಂಭವಾಗಿ ಧ್ರುವವನ್ನು ತಲುಪಿದರೆ ದಯೆಗೆ ನೆಲೆ ದೊರೆಯುತ್ತದೆ.

ಆದರೆ ದಯೆಯ ಹೆಸರಿನಲ್ಲಿ ಸತ್ಯವನ್ನು ಬಿಡಲಾಗದು. ಮೂಳೆಚಕ್ಕಳವಾದ ಹಿಮಕರಡಿಯೊಂದರ ಚಲನಚಿತ್ರವು 2017ರಲ್ಲಿ ಲೋಕವನ್ನೆಲ್ಲ ಕಲಕಿತು. ಆ ಒಂದು ಪ್ರಾಣಿಯ ಸ್ಥಿತಿಗೆ ಹವಾಮಾನವೇ ಕಾರಣವೆಂದು ನಿಶ್ಚಯವಾಗಿ ಸೂಚಿಸಿದ್ದು ಅತಿಯಾಯಿತೆಂದು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯು 2018ರಲ್ಲಿ ಒಪ್ಪಿಕೊಂಡಿತು. 2023ರಲ್ಲಿ ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅದೊಂದೇ ವರ್ಷವನ್ನು ಸಾಕ್ಷಿಯಾಗಿ ತೋರಿಸುವುದೂ ಅಂತಹುದೇ ದೋಷ. ದೀರ್ಘಕಾಲದ ಅಳತೆಗಳೇ ಸಾಕಷ್ಟು ಗಂಭೀರವಾಗಿರುವಾಗ ಉತ್ಪ್ರೇಕ್ಷೆ ಅನಾವಶ್ಯಕ.

ಇದಕ್ಕಿಂತಲೂ ಕಠಿಣವಾದ ಪ್ರಶ್ನೆಯೊಂದಿದೆ. ಮನೆಯ ವಾಹನವನ್ನು ಮಗು ಕೊಂಡುದಲ್ಲ, ಉತ್ಸವದ ದೀಪಾಲಂಕಾರವನ್ನು ಅದು ನಿರ್ಣಯಿಸಿದುದಲ್ಲ. ಯಾವ ಅಧಿಕಾರವೂ ಇಲ್ಲದ ಎಳೆಯ ಮನಸ್ಸಿನ ಮೇಲೆ ಜಗತ್ತಿನ ಅಪರಾಧವನ್ನು ಹೊರಿಸಿ ಹೆದರಿಸುವುದೂ ಹಿಂಸೆಯೇ. ಕೃತ, ಕಾರಿತ, ಅನುಮತವೆಂಬ ಮೂರು ದ್ವಾರಗಳಲ್ಲಿಯೂ ಇಲ್ಲಿ ನಿಂತಿರುವವರು ಹಿರಿಯರು. ಆದುದರಿಂದ ಮಕ್ಕಳಿಗೆ ಹೇಳಿದ ಪಾಠಕ್ಕೆ ಉತ್ತರ ಕೊಡಬೇಕಾದವರು ತಂದೆತಾಯಿಗಳು ಹಾಗೂ ಬಸದಿಗಳ ಆಡಳಿತ ಮಂಡಳಿಗಳು. ಪಾಠಶಾಲೆಯಲ್ಲಿ ಅನರ್ಥದಂಡವ್ರತವನ್ನು ಕಂಠಪಾಠ ಮಾಡಿಸಿ, ಹೊರಗೆ ಇರುಳೆಲ್ಲ ನಿಷ್ಪ್ರಯೋಜಕವಾಗಿ ದೀಪ ಉರಿಸಿದರೆ ಮಗು ಯಾವುದನ್ನು ಕಲಿತೀತು?

ಪ್ರತಿಯೊಂದು ಮಂಡಳಿಯೂ ವಾರ್ಷಿಕ ಲೆಕ್ಕವನ್ನು ಓದುವಾಗ ವಿದ್ಯುತ್ತು, ಡೀಸೆಲ್, ನೀರು, ಉಳಿದುಹೋದ ಅನ್ನ ಇವುಗಳಲ್ಲಿ ಅಗತ್ಯವಾದುದೆಷ್ಟು, ಅನರ್ಥವಾದುದೆಷ್ಟು ಎಂದು ವಿಚಾರಿಸಲಿ. ಆ ಸಭೆಯಲ್ಲಿ ಪಾಠಶಾಲೆಯ ಮಕ್ಕಳಿಗೂ ಆಸನವಿರಲಿ. ಹಿರಿಯರು ತಮ್ಮ ಲೆಕ್ಕವನ್ನು ತಾವೇ ತಿದ್ದಿಕೊಳ್ಳುವುದನ್ನು ಕಂಡ ಮಗುವಿಗೆ ಹಿಮಕರಡಿಯ ಪಾಠವು ಭಯವನ್ನು ಹುಟ್ಟಿಸದೆ ವ್ರತವನ್ನು ಕಲಿಸುತ್ತದೆ.