ಪರದೇಶದಲ್ಲಿ ಕೈ ಖಾಲಿಯಾದಾಗ



2017ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ತಮಿಳುನಾಡಿನ ಕಾಂಚೀಪುರದಲ್ಲಿ ರಷ್ಯಾ ದೇಶದ 24 ವರ್ಷದ ಪ್ರವಾಸಿಯೊಬ್ಬ ದೇವಸ್ಥಾನದ ಬಾಗಿಲಲ್ಲಿ ಭಿಕ್ಷೆಗೆ ಕುಳಿತಿದ್ದ. ಆತನ ಎ.ಟಿ.ಎಂ. ಕಾರ್ಡು ಲಾಕ್ ಆಗಿತ್ತು, ಕೈಯಲ್ಲಿ ಕಾಸಿರಲಿಲ್ಲ. ಪೊಲೀಸರು ಬಂದು ಪಾಸ್‌ಪೋರ್ಟು, ಕಾಗದಪತ್ರ ನೋಡಿದರು. ಎಲ್ಲವೂ ಸರಿಯಾಗಿತ್ತು. ಒಂದಿಷ್ಟು ಹಣ ಕೊಟ್ಟು ಚೆನ್ನೈಗೆ ಕಳುಹಿಸಿದರು. ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರೂ ಆತನಿಗೆ ನೆರವಿನ ಭರವಸೆ ಕೊಟ್ಟರು.

ಇದನ್ನು ಓದಿದರೆ ಯಾರಿಗಾದರೂ ಅಯ್ಯೋ ಪಾಪ ಅನ್ನಿಸುತ್ತದೆ. ಆದರೆ ಹೊಸೂರು ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬ ಬಂದು, "ಪರ್ಸು ಕಳೆದುಹೋಯಿತು, ಊರಿಗೆ ಹೋಗೋಕೆ ಬಸ್ ಚಾರ್ಜು ಕೊಡಿ" ಎಂದು ಕನ್ನಡದಲ್ಲೋ ತಮಿಳಲ್ಲೋ ಹಿಂದಿಯಲ್ಲೋ ಕೇಳಿದರೆ ಮೊದಲು ಹುಟ್ಟುವುದು ಅನುಮಾನ. ಅನುಮಾನಕ್ಕೂ ಕಾರಣವಿದೆ. ಯಾರದೋ ಇಮೇಲ್ ಖಾತೆಗೆ ಕನ್ನ ಹಾಕಿ, "ವಿದೇಶದಲ್ಲಿ ಸಿಕ್ಕಿಕೊಂಡಿದ್ದೇನೆ, ತಕ್ಷಣ ಹಣ ಕಳುಹಿಸು" ಎಂದು ಅವರ ಗೆಳೆಯರಿಗೆಲ್ಲ ಬರೆಯುವ ವಂಚನೆ ವರ್ಷಗಳಿಂದ ನಡೆಯುತ್ತಿದೆ. ಹಾಗಾದರೆ ಪ್ರಶ್ನೆ ಇದು: ಮೋಸಹೋಗುವ ಭಯವಿರುವಾಗಲೂ ಗುರುತಿಲ್ಲದವನಿಗೆ ನೆರವಾಗುವ ಹೊಣೆ ನಮಗಿದೆಯೇ?

ಇದಕ್ಕೆ ಉತ್ತರ ಹುಡುಕುವ ಮೊದಲು ನಮ್ಮ ಜೇಬಿನ ಹಣ ಎಂದರೇನು ಎಂದು ಯೋಚಿಸೋಣ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ, ಮಾರ್ಚ್ ತಿಂಗಳಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಎಂಬ ಕಾರ್ಡು ಕಂಪನಿಗಳು ರಷ್ಯಾದಲ್ಲಿ ತಮ್ಮ ವ್ಯವಹಾರ ನಿಲ್ಲಿಸಿದವು. ಅಲ್ಲಿನ ಬ್ಯಾಂಕುಗಳು ಕೊಟ್ಟಿದ್ದ ಆ ಕಾರ್ಡುಗಳು ಹೊರದೇಶಗಳಲ್ಲಿ ನಡೆಯದಾದವು. ಥಾಯ್ಲೆಂಡಿನ ಫುಕೆಟ್‌ನಲ್ಲಿ, ಇಂಡೋನೇಷ್ಯಾದ ಬಾಲಿಯಲ್ಲಿ ರಜೆಗೆ ಬಂದಿದ್ದ ರಷ್ಯಾದ ಪ್ರವಾಸಿಗರು ಖರ್ಚಿಗೆ ಹಣ ಸಿಗದೆ ಪರದಾಡಿದರು. ಅವರ ಖಾತೆಯಲ್ಲಿ ಹಣ ಹಾಗೇ ಇತ್ತು. ಇಲ್ಲವಾದದ್ದು ಅದನ್ನು ಒಪ್ಪಿಕೊಳ್ಳುವ ಕೈ.

ಅಂಗಡಿಯವನು ನಮ್ಮ ಕಾರ್ಡು ತೆಗೆದುಕೊಳ್ಳುವುದು ನಮ್ಮ ಮುಖ ನೋಡಿ ಅಲ್ಲ. ಅವನು ತನ್ನ ಬ್ಯಾಂಕನ್ನು ನಂಬುತ್ತಾನೆ, ಆ ಬ್ಯಾಂಕು ನಮ್ಮ ಬ್ಯಾಂಕನ್ನು ನಂಬುತ್ತದೆ. ಹಣವಿದ್ದವನೂ ಗುರುತಿಲ್ಲದವರ ನಂಬಿಕೆಯ ಮೇಲೆಯೇ ಬದುಕುತ್ತಾನೆ. ಅದು ಅವನ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಕಾರ್ಡು ನಿಂತ ದಿನ ಅದೇ ನಂಬಿಕೆಯನ್ನು ಬಾಯಿಬಿಟ್ಟು ಕೇಳಬೇಕಾಗುತ್ತದೆ. ದಿನವೂ ಪಡೆಯುವುದನ್ನು ಒಂದು ದಿನ ಕೊಡಲು ಒಲ್ಲೆವು ಎನ್ನುವುದು ನ್ಯಾಯವಲ್ಲ.

ಸಂತ ಲೂಕರ ಶುಭಸಂದೇಶದಲ್ಲಿ ಬರುವ ಸಮಾರಿಯದವನ ಸಾಮತಿಯೂ ದಾರಿಯಲ್ಲಿ ಎಲ್ಲ ಕಳೆದುಕೊಂಡ ಪ್ರಯಾಣಿಕನ ಕಥೆಯೇ. ಸಮಾರಿಯದವನ ಕರುಣೆಯ ಬಗ್ಗೆ ಬಹಳ ಕೇಳಿದ್ದೇವೆ. ಛತ್ರದವನ ಮಾತು ಬರುವುದು ಅಪರೂಪ. ಅವನ ಕೈಗೆ ಬಂದದ್ದು ಎರಡು ನಾಣ್ಯ. ಮಿಕ್ಕ ಖರ್ಚಿಗೆ ಸಿಕ್ಕಿದ್ದು, ಹಿಂದಿರುಗುವಾಗ ಕೊಡುತ್ತೇನೆ ಎಂಬ ಪರದೇಶಿಯೊಬ್ಬನ ಮಾತು ಮಾತ್ರ. ಆ ಮಾತನ್ನು ಯಾರೂ ನಂಬದಿದ್ದರೆ ಕರುಣೆ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು.

ಹಾಗೆಂದು ಕೇಳಿದವರಿಗೆಲ್ಲ ಕಣ್ಣುಮುಚ್ಚಿ ಹಣ ಕೊಡಬೇಕೆಂದಲ್ಲ. ಕಾಂಚೀಪುರದ ಪೊಲೀಸರೂ ಮೊದಲು ಪಾಸ್‌ಪೋರ್ಟು ನೋಡಿದರು. ವಿಚಾರಿಸುವುದು ತಪ್ಪಲ್ಲ; ವಿಚಾರಿಸದೆಯೇ ಮೋಸಗಾರ ಎಂದು ತೀರ್ಮಾನಿಸುವುದು ತಪ್ಪು. ಇಮೇಲ್ ಬಂದರೆ ಗೆಳೆಯನಿಗೆ ಫೋನ್ ಮಾಡಿ ದನಿ ಕೇಳಬಹುದು. ಬಸ್ ನಿಲ್ದಾಣದಲ್ಲಾದರೆ ಜೊತೆಗೆ ಹೋಗಿ ಟಿಕೆಟ್ ತೆಗೆಸಿಕೊಡಬಹುದು, ಊಟ ಕೊಡಿಸಬಹುದು, ಮನೆಯವರ ನಂಬರ್ ಕೇಳಿ ನಾವೇ ಕರೆ ಮಾಡಿಕೊಡಬಹುದು. ಇದಕ್ಕೆಲ್ಲ ಹಣಕ್ಕಿಂತ ಸಮಯ ಹೆಚ್ಚು ಬೇಕು. ಎಷ್ಟೋ ಸಲ ನಾವು ಉಳಿಸಿಕೊಳ್ಳಲು ನೋಡುವುದು ಹಣವನ್ನಲ್ಲ, ಆ ಸಮಯವನ್ನು.

ಹೊರದೇಶದಲ್ಲಿ ಕಷ್ಟಕ್ಕೆ ಸಿಲುಕಿದ ಭಾರತೀಯರಿಗಾಗಿ 2009ರಲ್ಲಿ ನಮ್ಮ ಸರ್ಕಾರ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಆರಂಭಿಸಿತು. ರಾಯಭಾರ ಕಚೇರಿಗೆ ಪಾಸ್‌ಪೋರ್ಟು ಮುಂತಾದ ಕೆಲಸಕ್ಕೆ ಬರುವವರು ಕಟ್ಟುವ ಸಣ್ಣ ಶುಲ್ಕ ಅದಕ್ಕೆ ಸೇರುತ್ತದೆ. ನಿಜವಾಗಿ ಗತಿಯಿಲ್ಲದವರಿಗೆ, ವಿಚಾರಿಸಿದ ನಂತರ, ಊಟ ವಸತಿಗೂ ಊರಿಗೆ ಮರಳುವ ಟಿಕೆಟ್ಟಿಗೂ ಅದರಿಂದ ನೆರವು ಸಿಗುತ್ತದೆ. ಗಲ್ಫಿನಲ್ಲಿ ದುಡಿಯುವ ಒಬ್ಬ ಕೂಲಿಕಾರ ಕೊಟ್ಟ ಚಿಲ್ಲರೆ ಕಾಸು, ಅವನು ಎಂದೂ ನೋಡದ ಇನ್ನೊಬ್ಬನನ್ನು ಮನೆ ಮುಟ್ಟಿಸಬಹುದು.

ಓದಿಗೆ, ಕೆಲಸಕ್ಕೆ ಹೊರದೇಶಕ್ಕೆ ಹೊರಡುವ ನಮ್ಮ ಧರ್ಮಕೇಂದ್ರದ ಯುವಜನರಿಗೆ ಒಂದು ಮಾತು. ಎರಡು ಕಾರ್ಡುಗಳಿದ್ದರೆ ಬೇರೆ ಬೇರೆ ಕಡೆ ಇಟ್ಟುಕೊಳ್ಳಿ. ಪಾಸ್‌ಪೋರ್ಟಿನ ನಕಲು ಮನೆಯಲ್ಲಿ ಕೊಟ್ಟು ಹೋಗಿ. ರಾಯಭಾರ ಕಚೇರಿಯ ನಂಬರನ್ನು ಕಾಗದದಲ್ಲೂ ಬರೆದಿಡಿ; ಫೋನೇ ಕಳೆದುಹೋದರೆ ಬೇಕಾಗುತ್ತದೆ. ಇಷ್ಟೆಲ್ಲ ಮಾಡಿಯೂ ಕೈ ಖಾಲಿಯಾದರೆ ಕೇಳಲು ನಾಚಬೇಡಿ. ಊರಲ್ಲೇ ಇರುವ ನಾವು, ಬಂದು ಕೇಳಿದವನ ಮಾತನ್ನು ಎರಡು ನಿಮಿಷ ನಿಂತು ಕೇಳೋಣ. ಅವನ ಮನೆಯವರೂ ಒಂದು ಫೋನಿಗಾಗಿ ಕಾಯುತ್ತಿರಬಹುದು.

— ಯುವಜನ ಬಳಗದ ಪರವಾಗಿ, ಸಂಚಾಲಕರು