ಗುಳಿಗೆ ಯಾರದು?

ನಮ್ಮ ರಾಯಚೂರು ಸೀಮೆಯಲ್ಲಿ ಕೆಲವು ಬೇನೆಗಳ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಇವುಗಳ ಬಗ್ಗೆ ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು ಜೋರಾಗಿಯೇ ಮಾತಾಡುತ್ತೇವೆ. ಯಾರ ಸಕ್ಕರೆ ಎಷ್ಟು ಎಂಬುದರಲ್ಲಿ ಸಣ್ಣ ಪೈಪೋಟಿಯೂ ಇರುತ್ತದೆನ್ನಿ. ಕ್ಯಾನ್ಸರ್ ಎಂದ ಕೂಡಲೇ ಮಾತ್ರ ದನಿ ತಗ್ಗುತ್ತದೆ. 'ಅದಂತೆ' ಎಂದು ಒಬ್ಬಳು ಹೇಳಿದರೆ, 'ಅಯ್ಯೋ, ಅದಾ?' ಎಂದು ಇನ್ನೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಆ 'ಅದು' ಯಾರಿಗೆ ಬಂದಿದೆಯೋ ಅವಳೊಬ್ಬಳನ್ನು ಬಿಟ್ಟು ಓಣಿಗೆಲ್ಲ ಸುದ್ದಿ ಗೊತ್ತಿರುತ್ತದೆ.

ಈ ಮುಚ್ಚುಮರೆಯನ್ನು ನಾನು ಹಗುರವಾಗಿ ಕಾಣುವವಳಲ್ಲ. ಅದರ ಹಿಂದೆ ಇರುವುದು ಪ್ರೀತಿಯೇ. ಹೆಸರು ಕೇಳಿದರೆ ಜೀವ ಅರ್ಧ ಹೋದೀತು, ಊಟ ಬಿಟ್ಟಾಳು, ನಿದ್ದೆ ಬಿಟ್ಟಾಳು ಎಂಬ ಹೆದರಿಕೆ. ಬಹುಕಾಲ ಈ ಸುಳ್ಳು ನಡೆದೂ ಹೋಯಿತು, ಏಕೆಂದರೆ ಚಿಕಿತ್ಸೆ ನಡೆಯುತ್ತಿದ್ದುದು ಆಸ್ಪತ್ರೆಯ ಗೋಡೆಗಳ ಒಳಗೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ನಮ್ಮ ಕಡೆಯವರು ಹೋಗುತ್ತಿದ್ದುದು ಇಂಥ ಕಡೆಗೆ. ಅಲ್ಲಿ ಮಂಚದ ಮೇಲೆ ಮಲಗಿಸಿ, ಸಲೈನ್ ಹಚ್ಚಿ, ನರ್ಸು ಪಕ್ಕದಲ್ಲೇ ನಿಂತು ಔಷಧ ಏರಿಸುತ್ತಿದ್ದಳು. ಜ್ವರ ಬಂದರೆ ನೋಡಲು ಅವಳಿದ್ದಳು, ವಾಂತಿಯಾದರೆ ತಟ್ಟೆ ಹಿಡಿಯಲು ಅವಳಿದ್ದಳು. ರೋಗಿಗೆ ಗೊತ್ತಿಲ್ಲದ್ದನ್ನು ಅವಳು ಗೊತ್ತುಮಾಡಿಕೊಂಡಿರುತ್ತಿದ್ದಳು.

ಈಗ ಹಾಗಿಲ್ಲ. ಬೆಳಿಗ್ಗೆ ಹೋಗಿ ಔಷಧ ಏರಿಸಿಕೊಂಡು ಸಂಜೆಗೆ ಹೊರಬೀಳುವ ಡೇ ಕೇರ್ ಪದ್ಧತಿ ಬಂದಿದೆ. ಕೆಲವು ಔಷಧಗಳಂತೂ ಗುಳಿಗೆಯಾಗಿ, ಕೈಚೀಲದಲ್ಲಿ ಕುಳಿತು ಮನೆಗೇ ಬರುತ್ತವೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ಹುಬ್ಬಳ್ಳಿಗೆ ಹೋಗಿಬರುವುದು ಮೊದಲಿನಷ್ಟು ಕಷ್ಟವಲ್ಲ. ಇದೆಲ್ಲ ಒಳ್ಳೆಯದೇ; ತಿಂಗಳುಗಟ್ಟಲೆ ಧರ್ಮಶಾಲೆಯಲ್ಲಿ ಬಿದ್ದಿರುವುದಕ್ಕಿಂತ ತನ್ನ ಮನೆಯ ಪಡಸಾಲೆ ಯಾರಿಗೆ ಬೇಡ? ಆದರೆ ಸೂಜಿಯ ಜೊತೆ ನಿಂತಿದ್ದ ಆ ನರ್ಸು ಗುಳಿಗೆಯ ಜೊತೆ ರೈಲು ಹತ್ತುವುದಿಲ್ಲವಲ್ಲ.

ಲಿಂಗಸುಗೂರಿನ ನನ್ನ ದೊಡ್ಡಮ್ಮನಿಗೆ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ ಆಯಿತು. ಗಂಡುಮಕ್ಕಳು ಇಬ್ಬರು: ಒಬ್ಬನದು ಮಸ್ಕಿಯಲ್ಲಿ ಗೊಬ್ಬರದ ಅಂಗಡಿ, ಇನ್ನೊಬ್ಬ ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಲೆಕ್ಕ ಬರೆಯುವವನು. 'ಕರುಳಾಗ ಹುಣ್ಣಾಗಿತ್ತು, ತೆಗೆದಾರ' ಎಂದು ತಾಯಿಗೆ ಹೇಳಿ ಮುಗಿಸಿದ್ದರು. ಆಮೇಲೆ ವೈದ್ಯರು ಬರೆದುಕೊಟ್ಟದ್ದು ಕೆಪೆಸಿಟಬಿನ್ ಎಂಬ ಗುಳಿಗೆ. ಬೆಳಿಗ್ಗೆ, ರಾತ್ರಿ, ಊಟವಾದ ಅರ್ಧ ಗಂಟೆಯೊಳಗೆ ನೀರಿನ ಜೊತೆ ನುಂಗಬೇಕು. 14 ದಿನ ನುಂಗಿ 7 ದಿನ ಬಿಡಬೇಕು. ಇಂಥ 8 ಸುತ್ತು. ನೋಡಲು ಸಾಧಾರಣ ಗುಳಿಗೆ. ಆದರೆ ಒಳಗೆ ಹೋದ ಮೇಲೆ, ಸೂಜಿಯಲ್ಲಿ ಕೊಡುತ್ತಿದ್ದ ಹಳೆಯ ಔಷಧವೊಂದಾಗಿ ಮಾರ್ಪಡುತ್ತದೆ. ಅದೂ ಕೀಮೋಥೆರಪಿಯೇ, ಅಡುಗೆಮನೆಯ ಗೂಡಿನಲ್ಲಿ ಅರಿಶಿನದ ಡಬ್ಬಿಯ ಪಕ್ಕ ಇಟ್ಟ ಮಾತ್ರಕ್ಕೆ ಅದರ ಬಲ ಕಡಿಮೆಯಾಗುವುದಿಲ್ಲ.

ಗುಳಿಗೆ ತೆಗೆದುಕೊಳ್ಳಲು ಹೋದಾಗ ನಾನೂ ಜೊತೆಗಿದ್ದೆ. ಕಿಟಕಿಯಲ್ಲಿ ಚೀಟಿ ಕೊಟ್ಟರೆ ಪೊಟ್ಟಣ ಬರುತ್ತದೆ, ಹೊರಡುವುದು ಎಂದುಕೊಂಡಿದ್ದೆವು. ಅಲ್ಲೊಬ್ಬ ಹುಡುಗಿ ನಮ್ಮನ್ನು ಪಕ್ಕದ ಪುಟ್ಟ ಕೋಣೆಗೆ ಕರೆದು ಕೂರಿಸಿದಳು. ವೈದ್ಯೆಯಲ್ಲ, ನರ್ಸೂ ಅಲ್ಲ. ಕ್ಲಿನಿಕಲ್ ಫಾರ್ಮಸಿಸ್ಟ್ ಅಂತೆ. ನನಗೆ ಆ ಪದವೇ ಹೊಸದು. ಮೆಡಿಕಲ್ ಸ್ಟೋರಿನವರನ್ನು ಬಲ್ಲೆವು, ಅವರು ಚೀಟಿ ನೋಡಿ ಕತ್ತರಿಯಲ್ಲಿ ಗುಳಿಗೆ ಕತ್ತರಿಸಿ ಕೊಡುವವರು. ಇವಳ ಕೆಲಸ ಗುಳಿಗೆ ಕೊಡುವಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ರೋಗಿಯ ಎತ್ತರ, ತೂಕ, ಮೂತ್ರಪಿಂಡದ ವರದಿ ನೋಡಿ ಪ್ರಮಾಣ ಸರಿಯಿದೆಯೇ ಎಂದು ಲೆಕ್ಕ ಹಾಕುತ್ತಾಳೆ. ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದಾರೆ, ಅವೆರಡೂ ಒಂದಕ್ಕೊಂದು ಆಗಿಬರುತ್ತವೆಯೇ ಎಂದು ವಿಚಾರಿಸುತ್ತಾಳೆ. ಅನುಮಾನ ಬಂದರೆ ವೈದ್ಯರಿಗೆ ಹೋಗಿ ಹೇಳುತ್ತಾಳೆ. ನಮ್ಮ ರಾಜ್ಯಕ್ಕೆ ಈ ವಿದ್ಯೆ ತೀರ ಹೊಸದೂ ಅಲ್ಲ. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜಿನಲ್ಲಿ 1990ರ ದಶಕದಲ್ಲೇ ಇದನ್ನು ಕಲಿಸತೊಡಗಿದ್ದರು. 2008ರಲ್ಲಿ ಫಾರ್ಮ್.ಡಿ. ಎಂಬ ಆರು ವರ್ಷದ ಪದವಿ ದೇಶದಲ್ಲಿ ಬಂತು. ಔಷಧ ಕೊಡುವಾಗ ರೋಗಿಗೆ ತಿಳಿವಳಿಕೆ ಹೇಳುವುದು ಫಾರ್ಮಸಿಸ್ಟರ ಕರ್ತವ್ಯ ಎಂದು 2015ರ ನಿಯಮಾವಳಿಯಲ್ಲೇ ಇದೆ.

ಆ ಹುಡುಗಿ ಮೊದಲು ಕೇಳಿದ್ದು ಇಷ್ಟೇ: "ಗುಳಿಗೆ ನುಂಗುವವರು ಯಾರು?"

ದೊಡ್ಡಮ್ಮ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. "ನಮಗೇ ಹೇಳ್ರಿ, ನಾವು ನೋಡ್ಕೋತೀವಿ. ಆಕಿಗೆ ಗೊತ್ತಿಲ್ಲ" ಎಂದ ದೊಡ್ಡವನು.

"ಗುಳಿಗೆಯಿಂದ ಅಂಗೈ ಉರಿದರೆ ಅದು ಅವರ ಅಂಗೈ. ನಿಮಗೆ ಹೇಗೆ ಗೊತ್ತಾಗುತ್ತದೆ?" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಇಬ್ಬರ ನಡುವೆ ಅರ್ಧ ಗಂಟೆ ಮಾತು ನಡೆಯಿತು. ಕೊನೆಗೆ ಒಂದು ಒಪ್ಪಂದವಾಯಿತು. ಬೇನೆಯ ಹೆಸರನ್ನು ತಾನಾಗಿ ಎತ್ತುವುದಿಲ್ಲ. ಆದರೆ ದೊಡ್ಡಮ್ಮನೇ ಕೇಳಿದರೆ ಸುಳ್ಳು ಹೇಳುವುದಿಲ್ಲ, ವೈದ್ಯರ ಬಳಿ ಕರೆದೊಯ್ಯುತ್ತಾಳೆ. ಗುಳಿಗೆಯ ವಿಷಯ ಮಾತ್ರ ಪೂರ್ತಿ ದೊಡ್ಡಮ್ಮನಿಗೇ ಹೇಳುತ್ತಾಳೆ.

ಹಾಗೆಯೇ ಹೇಳಿದಳು. ಅಕ್ಷರ ಬಾರದ ದೊಡ್ಡಮ್ಮನಿಗಾಗಿ ಹಾಳೆಯ ಮೇಲೆ ಸೂರ್ಯ, ಚಂದ್ರ, ಊಟದ ತಟ್ಟೆ ಬರೆದಳು. 14 ಮನೆ ತುಂಬಿಸಿ 7 ಮನೆ ಖಾಲಿ ಬಿಟ್ಟಳು. ಈ ಗುಳಿಗೆ ಬಲವಾದದ್ದು, ಅಂಗೈ ಅಂಗಾಲು ಕೆಂಪಾಗಿ ಉರಿಯಬಹುದು, ಬಾಯಲ್ಲಿ ಹುಣ್ಣೇಳಬಹುದು, ಭೇದಿಯಾಗಬಹುದು; ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಾದರೆ ಅಥವಾ ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಫೋನು ಮಾಡಿ ಎಂದಳು. ಗುಳಿಗೆಯನ್ನು ಕುಟ್ಟಿ ಮಜ್ಜಿಗೆಯಲ್ಲಿ ಕದಡಬಾರದು. ಮನೆಯಲ್ಲಿ ಬಸುರಿಯರಿದ್ದರೆ ಅವರು ಅದನ್ನು ಬರಿಗೈಯಲ್ಲಿ ಮುಟ್ಟಲೇಬಾರದು.

ಆಗ ನಾನು ಬೆಚ್ಚಿದ್ದು ನಿಜ. ಕಿರಿಯ ಸೊಸೆಗೆ ಆಗ ಐದು ತಿಂಗಳು. ಅತ್ತೆಗೆ ಹೊತ್ತುಹೊತ್ತಿಗೆ ಗುಳಿಗೆ ಬಿಡಿಸಿ ಕೊಡಬೇಕಾದವಳು ಅವಳೇ! ಅದೂ ಅಲ್ಲದೆ, ಅವಳಿಗೆ ಕೊಡುತ್ತಿದ್ದ ರಕ್ತ ಹೆಚ್ಚಿಸುವ ಗುಳಿಗೆಯಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲವೂ ಇರುತ್ತದೆ. 'ಅತ್ತಿಗೂ ನಿತ್ರಾಣ ಐತಿ, ಆಕಿಗೂ ಎರಡು ಕೊಡು' ಎಂದು ಯಾರಾದರೂ ಹೇಳಿದರೆ ನಮ್ಮ ಮನೆಗಳಲ್ಲಿ ಕೊಟ್ಟೇ ಬಿಡುತ್ತೇವೆ. ಫೋಲಿಕ್ ಆಮ್ಲ ಸೇರಿದರೆ ಕೆಪೆಸಿಟಬಿನ್‌ನ ಉಪದ್ರವ ಹೆಚ್ಚಾಗಬಹುದಂತೆ. ತಾಯಿಯೊಬ್ಬಳಿಗಾಗಿ ಕಟ್ಟಿದ ಸುಳ್ಳಿನ ಬೇಲಿಯೊಳಗೆ ಸೊಸೆ, ಹೊಟ್ಟೆಯಲ್ಲಿನ ಕೂಸು ಎಲ್ಲರೂ ಸಿಕ್ಕಿಕೊಂಡಿದ್ದರು.

ಎರಡನೆಯ ಸುತ್ತಿನಲ್ಲಿ ದೊಡ್ಡಮ್ಮನ ಅಂಗೈ ಕೆಂಪಾಯಿತು. ಅದು ಮೆಣಸಿನಕಾಯಿ ಒಣಗಿಸುವ ಕಾಲ. ಕಾಯಿ ಮುಟ್ಟಿರಬೇಕು, ಕೊಬ್ಬರಿ ಎಣ್ಣೆ ಹಚ್ಚು ಎಂದು ಮಕ್ಕಳೆಂದರು. ಸಹಜವಾದ ಮಾತೇ, ನಮ್ಮಲ್ಲಿ ಆ ದಿನಗಳಲ್ಲಿ ಯಾವ ಹೆಂಗಸಿನ ಕೈ ಉರಿಯುವುದಿಲ್ಲ? ದೊಡ್ಡಮ್ಮ ಮಾತ್ರ, "ಕಾಯಿ ಮುಟ್ಟಿದ್ರ ಅಂಗಾಲು ಯಾಕ ಉರೀತದ?" ಎಂದು ತಾನೇ ಆ ಹುಡುಗಿಗೆ ಫೋನು ಹಚ್ಚಿಸಿದಳು. ಅವಳು ವೈದ್ಯರಿಗೆ ತಿಳಿಸಿದಳು. ಗುಳಿಗೆ ಕೆಲವು ದಿನ ನಿಲ್ಲಿಸಿ, ಉರಿ ಇಳಿದ ಮೇಲೆ ಪ್ರಮಾಣ ಇಳಿಸಿ ಮುಂದುವರಿಸಿದರು. ತಿಳಿಯದೆ ಹಾಗೇ ನುಂಗುತ್ತ ಹೋಗಿದ್ದರೆ ಚರ್ಮ ಸುಲಿದು, ನೆಲಕ್ಕೆ ಕಾಲೂರುವುದೂ ಕಷ್ಟವಾಗುತ್ತಿತ್ತು.

ಇಷ್ಟಾದರೂ ಮಸ್ಕಿಯ ಅಣ್ಣನ ವಾದ ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. 'ಎಲ್ಲಾ ಹೇಳೋದು ಅವರ ಕಾಯ್ದೆ. ರಾತ್ರಿ ಅಕಿ ಅಳೂ ಮುಂದ ಪಕ್ಕದಾಗ ಕುಂಡ್ರೋರು ನಾವು' ಎಂದು ಅವನು ಹೇಳಿದ. ಸತ್ಯ ಹೇಳಿದವರು ಮನೆಗೆ ಹೋಗುತ್ತಾರೆ, ಕೇಳಿದವಳ ಜೊತೆ ಬಾಳುವವರು ಬೇರೆ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೂ, ಹೆಂಗಸರ ವಿಷಯದಲ್ಲಿ ಈ ಮುಚ್ಚಿಡುವಿಕೆ ಇನ್ನಷ್ಟು ಸುಲಭವಾಗುತ್ತದೆ ಎಂಬುದನ್ನು ಅವನು ಗಮನಿಸಲಿಲ್ಲ. ಗಂಡಸಿಗೆ ಬೇನೆ ಬಂದರೆ ಹೊಲ ಯಾರ ಹೆಸರಿಗೆ, ಸಾಲ ಎಷ್ಟು ಎಂದು ಕೇಳಲಿಕ್ಕಾದರೂ ಅವನಿಗೆ ಹೇಳಲೇಬೇಕಾಗುತ್ತದೆ. ಹೆಂಗಸಿನ ಹತ್ತಿರ ಕೇಳುವಂಥದ್ದು ಏನಿದೆ ಎಂಬ ಭಾವನೆ. ಮನೆಮಂದಿಗೆಲ್ಲ ಜೀವಮಾನವಿಡೀ ಕಷಾಯ ಕಾಸಿ, ಗುಳಿಗೆ ಎಣಿಸಿ ಕೊಟ್ಟವಳು ತನ್ನ ಗುಳಿಗೆಯ ವಿಷಯದಲ್ಲಿ ಮಾತ್ರ ಮಗುವಾಗಿಬಿಡುತ್ತಾಳೆ.

ಅಣ್ಣನ ಊರಿನ ಬಂಡೆಯೇ ನೆನಪಾಗುತ್ತದೆ. ಮಸ್ಕಿಯ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅದರಲ್ಲಿ ಅಶೋಕನ ಹೆಸರೇ ಇದೆ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದರೊಳಗಿನ ಮಾತನ್ನು ಮಾತ್ರ ಯಾರೂ ಕಲಿಸಲಿಲ್ಲ. ದೊಡ್ಡವರಿಗಷ್ಟೇ ಇದು ಸಾಧ್ಯವೆಂದು ತಿಳಿಯಬೇಡಿ, ಸಣ್ಣವರಿಗೂ ತಿಳಿಸಿ ಎಂಬ ಅರ್ಥದ ಮಾತು ಅದರಲ್ಲಿದೆ. ರಾಜ ಹೇಳಿದ್ದು ಧರ್ಮದ ವಿಷಯ, ಗುಳಿಗೆಯದಲ್ಲ, ಒಪ್ಪಿದೆ. ಆದರೆ ಓದು ಬಾರದ ಜನಕ್ಕೆ ಆ ಬಂಡೆಯ ಮುಂದೆ ಯಾರೋ ಒಬ್ಬರು ನಿಂತು ಓದಿ ಹೇಳಿರಲೇಬೇಕಲ್ಲವೇ?

ಇನ್ನೊಂದು ಮಾತನ್ನೂ ಹೇಳಬೇಕು. ಸಿಂಧನೂರಿನ ನಮ್ಮ ಓಣಿಯಲ್ಲೇ ಒಬ್ಬಾಕೆ, ಓದಿದವರು, ಸ್ತನದ ಶಸ್ತ್ರಚಿಕಿತ್ಸೆಯಾಗಿ ಟ್ಯಾಮಾಕ್ಸಿಫೆನ್ ನುಂಗುತ್ತಾರೆ. ವರ್ಷಗಟ್ಟಲೆ ನುಂಗಬೇಕಾದ ಗುಳಿಗೆ. ಆಕೆ ಆಸ್ಪತ್ರೆಯಲ್ಲಿ, "ನನಗೆ ಏನೂ ಹೇಳಬೇಡಿ, ಎಲ್ಲ ನನ್ನ ಮಗಳಿಗೆ ಹೇಳಿ" ಎಂದು ಕೈಮುಗಿದರಂತೆ. ಅದೂ ಅವರ ಹಕ್ಕೇ. ಬೇಡವೆನ್ನುವವರ ಕಿವಿಯಲ್ಲಿ ಸತ್ಯ ಸುರಿಯುವುದು ಇನ್ನೊಂದು ಬಗೆಯ ದಬ್ಬಾಳಿಕೆ. ಆದರೂ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಒಂದೇ ಕಾಲು ಬಾತರೆ ಮುಚ್ಚಿಡದೆ ಹೇಳಿ ಎಂಬ ಎರಡು ಮಾತುಗಳನ್ನು ಮಾತ್ರ ಆಕೆಗೇ ಹೇಳಿ ಕಳಿಸಿದರಂತೆ. ಬೇಡವೆಂದವರು ಆಕೆಯೇ ಹೊರತು ಆಕೆಯ ಮಗನೋ ಗಂಡನೋ ಅಲ್ಲ, ನನಗೆ ಮುಖ್ಯವಾಗಿ ಕಾಣುವುದು ಅದು.

ಜಿಲ್ಲಾ ಆಸ್ಪತ್ರೆಗಳಲ್ಲೆಲ್ಲ ಮೂರು ವರ್ಷದಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಹೇಳಿತು. ಬರಲಿ. ಮಂಚ ಎಷ್ಟು, ಯಂತ್ರ ಎಷ್ಟು ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಗುಳಿಗೆಯ ಕಿಟಕಿಯ ಪಕ್ಕ ಬಾಗಿಲಿರುವ ಒಂದು ಪುಟ್ಟ ಕೋಣೆ, ಎರಡು ಕುರ್ಚಿ, ನಮ್ಮ ಮಾತು ಬಲ್ಲ ಒಬ್ಬ ಫಾರ್ಮಸಿಸ್ಟ್, ಇವು ಆ ಲೆಕ್ಕದಲ್ಲಿ ಇರುತ್ತವೆಯೇ ಎಂದು ನಾನು ಹುಡುಕುತ್ತೇನೆ. ರಾಯಚೂರಿನಲ್ಲೇ ಫಾರ್ಮಸಿ ಕಾಲೇಜುಗಳಿವೆ. ಕಲಿತ ಮಕ್ಕಳಿಗೇನೂ ಬರವಿಲ್ಲ.

ದೊಡ್ಡಮ್ಮನ 8 ಸುತ್ತು ಮುಗಿದವು. ಪ್ರತಿ ಸಲವೂ ಖಾಲಿ ಪಟ್ಟಿಗಳನ್ನು ತಾನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ ಆ ಹುಡುಗಿಯ ಮುಂದೆ ಎಣಿಸುತ್ತಿದ್ದಳು. ಬೇನೆಯ ಹೆಸರನ್ನು ಒಮ್ಮೆಯೂ ಕೇಳಲಿಲ್ಲ. ಕೊನೆಯ ಸಲ ಬರುವಾಗ ರೈಲಿನಲ್ಲಿ ಕಿಟಕಿಯಾಚೆ ನೋಡುತ್ತ, "ಹುಣ್ಣಿಗೆ ಇಷ್ಟು ಎಣಿಕಿ ಯಾರ ಮಾಡ್ತಾರ ಬಿಡು" ಎಂದಳು. ಮಕ್ಕಳು ಈಗಲೂ ಅವಳ ಮುಂದೆ ಹುಣ್ಣು ಎಂದೇ ಅನ್ನುತ್ತಾರೆ. ಅವಳೂ ಹೂಂಗುಡುತ್ತಾಳೆ.