ಡಜನ್ ಮತ್ತು ಕೊಸರು

ಬಳೆ ಇಡಿಸಿಕೊಳ್ಳದೆ ಬಂದರೆ ನನಗೆ ಪುತ್ತೂರು ಜಾತ್ರೆಗೆ ಹೋದಂತೆಯೇ ಅನಿಸುವುದಿಲ್ಲ. ಏಪ್ರಿಲ್ 17, ಮಹಾಲಿಂಗೇಶ್ವರನ ತೇರಿನ ದಿನ. ಕಡಬದಿಂದ ತಂಗಿಯೂ ಬಂದಿದ್ದಳು. ದೇವರಮಾರು ಗದ್ದೆಯ ಅಂಗಡಿಯೊಂದರಲ್ಲಿ ಕೂತು ಹಸಿರು ಗಾಜಿನ ಬಳೆ ಒಂದು ಡಜನ್ ಕೇಳಿದೆ. ನನ್ನ ಕೈಯೋ ಪಾತ್ರೆ ತಿಕ್ಕಿ ಗಡುಸಾದದ್ದು. ಏರಿಸುವಾಗ ಎರಡು ಬಳೆ ಒಡೆದವು. ಬಳೆಯಾಕೆ ಮಾತಿಲ್ಲದೆ ಚೂರುಗಳನ್ನು ಸರಿಸಿ ಬೇರೆ ಎರಡು ತೆಗೆದಳು. ಇಡಿಸುವಾಗ ಒಡೆದದ್ದು ಅಂಗಡಿಯ ನಷ್ಟ; ಅದು ಬಳೆಯವರ ರೂಢಿ. ಡಜನ್ ತುಂಬಿತು. ದುಡ್ಡು ಕೊಡುತ್ತಾ ನಾನು, “ಕೊಸರು ಒಂದು ಹಾಕಿ” ಎಂದೆ. “ಆಯ್ತಮ್ಮಾ” ಎಂದು ಹದಿಮೂರನೆಯದನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.

“ಅಕ್ಕಾ, ಅವಳಿಗೆ ಆಗಲೇ ಹದಿನಾಲ್ಕು ಹೋಗಿತ್ತಲ್ಲ, ಇದು ಹದಿನೈದನೆಯದು” ಎಂದಳು ತಂಗಿ ದಾರಿಯಲ್ಲಿ. ಅವಳು ಶಾಲೆಯಲ್ಲೂ ಲೆಕ್ಕದಲ್ಲಿ ಚುರುಕು.

ಡಜನ್ ಎಂಬ ಮಾತು ಇಂಗ್ಲಿಷಿಗೆ ಫ್ರೆಂಚಿನಿಂದ ಬಂತು. ಅದರ ಬೇರು ಲ್ಯಾಟಿನ್ನಿನ ‘ದುಓದೆಕಿಮ್’, ಎರಡು ಮತ್ತು ಹತ್ತು. ನಮ್ಮ ಹನ್ನೆರಡೂ ಹತ್ತು ಮತ್ತು ಎರಡೇ ತಾನೆ! ಆದರೆ ಇಂಗ್ಲಿಷರ ಸ್ವಂತ ಮಾತು ‘ಟ್ವೆಲ್ವ್’ನ ಮೂಲಾರ್ಥ ‘ಎರಡು ಉಳಿಯಿತು’ ಎಂದಂತೆ. ಹತ್ತು ಬೆರಳು ಮುಗಿದ ಮೇಲೂ ಎರಡು ಉಳಿದವು ಎಂದು ಯಾರೋ ಎಣಿಸಿರಬೇಕು. ಹನ್ನೆರಡನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಮಂದಿಗೆ ಚೂರು ಮಾಡದೆ ಹಂಚಬಹುದು. ಹತ್ತಕ್ಕೆ ಆ ಗುಣವಿಲ್ಲ. ಅಲ್ಲಿಯ ರೊಟ್ಟಿಯವರಿಗೂ ಕೊಸರು ಇತ್ತು. ತೂಕ ಕಡಿಮೆಯಾದರೆ ಶಿಕ್ಷೆ ಎಂಬ ಕಾನೂನು 13ನೇ ಶತಮಾನದಲ್ಲೇ ಬಂದಿತ್ತು. ಆ ಹೆದರಿಕೆಗೇ ಡಜನಿಗೆ ಹದಿಮೂರು ಕೊಡುತ್ತಿದ್ದರಂತೆ. ಹಾಗಾದರೆ ಅದು ಔದಾರ್ಯವಲ್ಲ, ಭಯ.

ನಮ್ಮ ಬಳೆಯಾಕೆಯದು ಯಾವುದು? ಕಿಲ್ಲೆ ಮೈದಾನದ ಸೋಮವಾರದ ಸಂತೆಯಲ್ಲಿ ತರಕಾರಿಯಾತ ಕೇಳುವ ಮೊದಲೇ ಒಂದು ಎಸಳು ಕರಿಬೇವು ಚೀಲಕ್ಕೆ ಹಾಕುತ್ತಾನೆ. ಮುಂದಿನ ವಾರವೂ ನಾನು ಬರುತ್ತೇನೆಂದು ಅವನಿಗೆ ಗೊತ್ತು. ಅದು ಸ್ನೇಹ. ಜಾತ್ರೆಯಾಕೆಗೆ ಅಂಥ ಭರವಸೆ ಏನಿದೆ? ಬಟ್ಟೆಯಂಗಡಿಯ ಗಾಜಿನ ಬಾಗಿಲೊಳಗೆ ನಾನು ಯಾವತ್ತೂ ಕೊಸರು ಕೇಳಿದವಳಲ್ಲ, ನೋಡಿ. ಕೇಳುವ ಧೈರ್ಯ ಬರುವುದು ನೆಲದ ಮೇಲೆ ಕೂತವರೆದುರು ಮಾತ್ರ.

ಸುಳ್ಯದ ದೊಡ್ಡಮ್ಮ ಬೀಡಿ ಕಟ್ಟುತ್ತಿದ್ದರು. ಅಲ್ಲಿ ಲೆಕ್ಕ ಸಾವಿರದ್ದು. ಸರಿಯಿಲ್ಲವೆಂದು ತೆಗೆದು ಹಾಕಿದ ಬೀಡಿಗೆ ಮಜೂರಿ ಇಲ್ಲ, ಬೀಡಿಯೂ ವಾಪಸಿಲ್ಲ. ಸಾವಿರ ತುಂಬಿಸಲು ರಾತ್ರಿ ಚಿಮಿಣಿ ಎದುರು ಮತ್ತೆ ಕೂರುತ್ತಿದ್ದರು. ಆ ಲೆಕ್ಕ ಅನ್ಯಾಯವೆಂದು ಹುಡುಗಿಯಾಗಿದ್ದಾಗ ನಾನೇ ಎಷ್ಟು ಸಿಟ್ಟು ಮಾಡಿಕೊಂಡಿದ್ದೆ!

ಮರುದಿನ ಸಂಜೆ ಬಳೆಯ ದುಡ್ಡು ಹಿಡಿದು ಗದ್ದೆಗೆ ಹೋದೆ. ಆಕೆ ಗುರುತು ಹಿಡಿದಳು. “ಅದು ಕೊಸರಮ್ಮಾ, ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಾರಾ?” ಎಂದು ನಕ್ಕು ಬೇರೆ ಹುಡುಗಿಯ ಕೈ ಹಿಡಿದಳು. ನಾನು ಇನ್ನೊಂದು ಡಜನ್ ಕೊಂಡೆ. ಈ ಸಲ ಏನೂ ಕೇಳಲಿಲ್ಲ; ಆಕೆಯೇ ಒಂದು ಹೆಚ್ಚು ಹಾಕಿದಳು.